ಬಿಸ್ಕತ್ ಡಬ್ಬಿಯ ತಾಮ್ರ

ತೋಟದ ಬೋರ್‌ವೆಲ್ ಕೇಬಲ್ ಎರಡನೇ ಸಲ ಕಳುವಾದಾಗ, ರುದ್ರಮ್ಮನಿಗೆ ಊರವರ ಮೇಲಿದ್ದ ಅನುಮಾನ ಮೆಲ್ಲಗೆ ಮನೆಯೊಳಕ್ಕೇ ಬಂದು ಕೂತಿತು. ಕಣಕಟ್ಟೆಯಲ್ಲಿ ತಾಮ್ರಕ್ಕೆ ಕೈಚಾಚುವವರು ಇಲ್ಲವೆಂದಲ್ಲ. ಆದರೆ ಹಗಲೂ ಇರುಳೂ ತಾಮ್ರದ ತಂತಿಯನ್ನೇ ಹಿಡಿದು ಕೂರುವವನು ಒಬ್ಬನೇ, ಅವಳ ಮೈದುನ ಬಸವಕುಮಾರ.

ಅರಸೀಕೆರೆಯಲ್ಲಿ ಅವನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ. ಕೆಟ್ಟ ಸಿ.ಡಿ. ಡ್ರೈವ್ ಬಿಚ್ಚಿ, ಒಳಗಿನ ಪುಟ್ಟ ಮೋಟರ್ ತೆಗೆದು, ಹಳೇ ತಂತಿ ಕಿತ್ತು ಹೊಸದು ಸುತ್ತಿ, ಅಯಸ್ಕಾಂತದ ಚೂರುಗಳನ್ನು ಅಂಟಿಸಿ, ಥರ್ಮಕೋಲಿನ ವಿಮಾನಕ್ಕೆ ಕೂರಿಸುತ್ತಿದ್ದ. ಭಾನುವಾರ ಹುಲಿಕೆರೆ ಕಡೆಯ ಬಯಲಿಗೆ ಹೋಗಿ ಹಾರಿಸಿ ಬರುತ್ತಿದ್ದ. ಮದುವೆ ವಯಸ್ಸು ಮೀರುತ್ತಿರುವ ಗಂಡಸಿಗೆ ಇದೆಂಥ ಹುಚ್ಚು ಅಂತ ಊರು ನಗುತ್ತಿತ್ತು. ರುದ್ರಮ್ಮ ನಗುತ್ತಿರಲಿಲ್ಲ. ಅವಳು ಸೊಸೆಯಾಗಿ ಬಂದಾಗ ಅವನಿಗೆ ಚಡ್ಡಿ ಹಾಕಿಕೊಳ್ಳಲೂ ಬರುತ್ತಿರಲಿಲ್ಲ. ತುತ್ತು ಮಾಡಿ ಉಣಿಸಿ ಬೆಳೆಸಿದವಳು ಅವಳೇ.

"ನಿನ್ನ ಮುದ್ದಿನ ಮೈದುನ ಇಷ್ಟೊಂದು ತಂತಿ ಎಲ್ಲಿಂದ ತತ್ತಾನೆ, ಒಂದ್ಸಲನಾದ್ರೂ ಕೇಳಿದೀಯೇನೇ?" ಅಂದ ಅವಳ ಗಂಡ ರಾಜಶೇಖರ.

ಆ ಮಾತು ಕಿವಿಗೆ ಬಿದ್ದದ್ದೇ ತಡ, ಎಲ್ಲವೂ ಬೇರೆಯಾಗಿ ಕಾಣತೊಡಗಿತು. ಕುಮಾರ ಬಾಗಿಲು ಹಾಕಿಕೊಂಡರೆ ಅನುಮಾನ, ತೆರೆದಿಟ್ಟರೆ ಇದು ನಾಟಕವೇನೋ ಎಂಬ ಅನುಮಾನ. ಮುದ್ದೆ ಬಡಿಸುವಾಗ ಅವನ ಬೆರಳಿನ ಗಾಯ ಕಂಡಿತು. ಕೇಬಲ್ ಸುಲಿಯುವಾಗ ಆದದ್ದೇ ಇರಬೇಕು ಅಂದುಕೊಂಡಳು. ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ.

ಮರುದಿನ ಬೆಳಿಗ್ಗೆ ರಾಜಶೇಖರ ಅವಳನ್ನು ಕೊಬ್ಬರಿ ಕೋಣೆಗೆ ಕರೆದ. ಅದರ ಒಂದು ಮೂಲೆಯೇ ಕುಮಾರನ ಕಾರ್ಖಾನೆ. ಗೋಣಿಚೀಲಗಳ ಹಿಂದೆ ಕೈ ತೂರಿಸಿ ಒಂದು ಬಿಸ್ಕತ್ ಡಬ್ಬಿ ಎಳೆದು ಮುಚ್ಚಳ ತೆಗೆದ. ಒಳಗೆ ಸುಲಿದ ಕೇಬಲ್ಲಿನ ಕೆಂಪು ತಾಮ್ರ ಸುರುಳಿ ಸುರುಳಿಯಾಗಿತ್ತು.

"ನೋಡ್ದಾ? ಸಂಜೆಗೆ ಹಿರೀಕರು ಬತ್ತಾರೆ. ಭಾಗ ಮಾಡ್ಬಿಡಾನ. ಬೋರ್ ಇರೋ ತೋಟ ನಮಗೆ, ಮೇಲಿನ ಕಲ್ಲು ಹೊಲ ಅವನಿಗೆ. ಕಳ್ಳನಿಗೆ ಅಷ್ಟೇ ಹೆಚ್ಚು."

ರುದ್ರಮ್ಮ ಡಬ್ಬಿ ಹಿಡಿದು ಜಗಲಿಗೆ ಬಂದಳು. ಅಲ್ಲಿ ಮೋಟರ್ ಸುತ್ತುತ್ತಿದ್ದ ಕುಮಾರನ ಮುಂದೆ ಅದನ್ನು ಸುರುವಿದಳು.

"ತುತ್ತು ಹಾಕಿದ ಕೈಗೆ ಹಿಂಗೆ ಮಾಡ್ತೀಯೇನೋ?"

ಕುಮಾರ ತಾಮ್ರವನ್ನು ನೋಡಿದ, ಅವಳನ್ನು ನೋಡಿದ. ಆಮೇಲೆ ತಾನು ಸುತ್ತುತ್ತಿದ್ದ ಕಂದು ತಂತಿಯನ್ನು ಬ್ಲೇಡಿನಿಂದ ಕೆರೆದು ತೋರಿಸಿದ. ಸಿಪ್ಪೆಯಂಥದ್ದು ಎದ್ದು ಒಳಗಿನ ಕೆಂಪು ಕಂಡಿತು.

"ನನ್ನ ತಂತಿಗೆ ಮೇಲೆ ವಾರ್ನಿಶ್ ಇರುತ್ತೆ ಅತ್ತಿಗೆ. ಅದಿಲ್ದಿದ್ರೆ ಒಂದು ಸುತ್ತು ಇನ್ನೊಂದಕ್ಕೆ ತಾಗಿ ಮೋಟರ್ ಸುಟ್ಟೋಗುತ್ತೆ. ಈ ಬೆತ್ತಲೆ ತಂತಿ ನನ್ನ ಕೆಲಸಕ್ಕೆ ಬರಲ್ಲ. ಇಟ್ಟೋರಿಗೆ ಅದು ಗೊತ್ತಿಲ್ಲ, ಅಷ್ಟೇ."

ಮಾರುವುದಕ್ಕೆ ಕದ್ದಿದ್ದರೆ? ಅವಳ ಮನಸ್ಸು ಇನ್ನೂ ಪಟ್ಟು ಬಿಟ್ಟಿರಲಿಲ್ಲ. ಮಾರುವವನು ಮನೆಯಲ್ಲೇ ಯಾಕೆ ಬಚ್ಚಿಡುತ್ತಾನೆ? ದಿನವೂ ಆ ಕೋಣೆ ಗುಡಿಸುವ ತನಗೇ ಕಾಣದ ಡಬ್ಬಿ ಗಂಡನ ಕೈಗೆ ಹುಡುಕದೆಯೇ ಹೇಗೆ ಸಿಕ್ಕಿತು? ಅವಳು ಸುರುವಿದ ತಾಮ್ರವನ್ನು ಬಾಚಿ ಮತ್ತೆ ಡಬ್ಬಿಗೆ ತುಂಬಿದಳು.

ಸಂಜೆ ಚನ್ನಬಸವಯ್ಯನವರೂ ಇನ್ನಿಬ್ಬರು ಹಿರಿಯರೂ ಬಂದು ಪಡಸಾಲೆಯಲ್ಲಿ ಕೂತರು. ರಾಜಶೇಖರ ಡಬ್ಬಿಯನ್ನು ಅವರ ಮುಂದಿಟ್ಟು ಬಾಯಿ ತೆರೆಯುವಷ್ಟರಲ್ಲಿ ರುದ್ರಮ್ಮ ಅಡುಗೆಮನೆಯಿಂದ ಹೊರಗೆ ಬಂದಳು.

"ಭಾಗದ ಮಾತು ಆಮೇಲೆ. ಈ ಡಬ್ಬಿ ಅಲ್ಲಿ ಇಟ್ಟೋನು ನಾನಲ್ಲ ಅಂತ ನಮ್ಮನೆಯವ್ರು ಲಿಂಗ ಹಿಡ್ಕಂಡು ಹೇಳ್ಲಿ, ಸಾಕು."

ರಾಜಶೇಖರನ ಕೈ ಕೊರಳಿನ ಲಿಂಗದ ಕರಡಿಗೆಯವರೆಗೆ ಹೋಯಿತು. ಅಲ್ಲೇ ನಿಂತಿತು. ಚನ್ನಬಸವಯ್ಯನವರು ಕಾದರು, ಎಲೆಅಡಿಕೆ ತಟ್ಟೆ ಪಕ್ಕಕ್ಕೆ ಸರಿಸಿದರು.

"ಗೊತ್ತಾಯ್ತು ಬಿಡಪ್ಪ. ಭಾಗ ಆದ್ರೆ ಸಮಪಾಲು, ಇಲ್ದಿದ್ರೆ ಭಾಗವೇ ಬ್ಯಾಡ."

ರುದ್ರಮ್ಮ ಮೈದುನನ ಕಡೆ ತಿರುಗಿದಳು. ಉಸಿರು ಹಗುರಾಗಿತ್ತು. "ಭಾಗ ಬ್ಯಾಡ ಕಣಪ್ಪ. ಬಾ, ಊಟಕ್ಕೆ ಬಡಿಸ್ತೀನಿ."

"ಭಾಗ ಆಗ್ಲಿ ಅತ್ತಿಗೆ," ಅಂದ ಕುಮಾರ. ದನಿಯಲ್ಲಿ ಸಿಟ್ಟಿರಲಿಲ್ಲ. "ಅಣ್ಣನಿಗೆ ತೋಟದ ಆಸೆ, ಇಟ್ಟ. ನೀವು ನಂಬಿದ್ರಲ್ಲ."

ಇಲ್ಲ ಕಣೋ, ನಾನು ನಂಬಲಿಲ್ಲ ಅನ್ನಲು ಅವಳು ಬಾಯಿ ತೆರೆದಳು. ಅಷ್ಟು ಜನರ ಮುಂದೆ ಸುಳ್ಳು ಹೇಳಲು ಅವಳಿಂದಲೂ ಆಗಲಿಲ್ಲ.