ಕಣ್ಣು ಮುಚ್ಚಿ ಹಾಡುವವಳು

ಪರದೆಗೆ ಅಡ್ಡವಾಗಿ ಯಾರದೋ ಉಣ್ಣೆಯ ಟೋಪಿ, ಒಳಗೆ ಬಂದ ಮೇಲಾದರೂ ತೆಗೆಯಬಾರದೇ, ಇನ್ನೊಂದು ದೇಶ ಮುಗಿದರೆ ಐರ್ಲೆಂಡ್, ಅಂದರೆ ನ್ಯಾಸಾ, ತಮ್ಮನ ಮೊಮ್ಮಗಳು, ಇನ್ನೂ ಹನ್ನೊಂದು ತುಂಬಿಲ್ಲ — ಪೆಗೀನ್ ಕುರ್ಚಿಯ ಅಂಚಿಗೆ ಸರಿದಳು, ಊರಿನ ಸಭಾಭವನದಲ್ಲಿ ಇಷ್ಟು ಜನ ಪಾದ್ರಿಯ ಬೀಳ್ಕೊಡುಗೆಗೂ ಸೇರಿರಲಿಲ್ಲ, ಯೂರೋಪೆಲ್ಲ ನೋಡುವ ಮಕ್ಕಳ ಹಾಡಿನ ಸ್ಪರ್ಧೆ, ಅದರಲ್ಲಿ ನಮ್ಮ ಐರಿಶ್ ಹಾಡು, ಹಾಡುವವಳು ನಮ್ಮ ಕಡಲಂಚಿನ ಹುಡುಗಿ, ಹೆಮ್ಮೆಗೆ ಎದೆ ಸಾಲದು, ಆದರೆ ಆ ಕಣ್ಣು, ಆ ಕಣ್ಣಿನದೇ ದಿಗಿಲು, ಕಣ್ಣು ಮುಚ್ಚಿ ಮುಖ ಗೋಡೆಗೆ ತಿರುಗಿಸಿ ಹಾಡುವುದನ್ನು ಕಲಿಸಿದ್ದು ತಾನೇ ತಾನೆ, ತನಗೆ ಅವ್ವ ಕಲಿಸಿದ ಹಾಗೆ, ಹಾಡುವವಳ ಕೈಯನ್ನು ಪಕ್ಕದವರು ಹಿಡಿದು ಮೆಲ್ಲಗೆ ಸುತ್ತಿಸುತ್ತಾರೆ, ಬಾವಿಯ ರಾಟೆಯ ಹಾಗೆ, ಹಾಡು ಒಳಗಿನಿಂದ ಬರಲಿ ಎಂದು, ಏಳು ವರ್ಷ ಆ ಪುಟ್ಟ ಕೈ ಸುತ್ತಿಸಿದ್ದು ಈ ಕೈಯೇ. ಟೀವಿಯವರು ಬಂದರು, ಒಳ್ಳೆಯ ಜನವೇ, ಕಣ್ಣು ಬಿಡಿಸಿ ಅಮ್ಮಾ, ಕ್ಯಾಮೆರಾ ನೋಡ್ದಿದ್ರೆ ಒಂದು ಓಟೂ ಬೀಳಲ್ಲ, ದೇಶದ ಮರ್ಯಾದೆಯ ಮಾತು, ಬೇಡವೆನ್ನಲಾದೀತೇ, ಮೂರು ತಿಂಗಳು ಅಡುಗೆಮನೆಯಲ್ಲಿ ಕಣ್ಣು ಬಿಡೇ, ಬಿಡೇ ಎಂದು ಬೈದದ್ದೇ ಬೈದದ್ದು, ಬಿಟ್ಟಾಗಲೆಲ್ಲ ಹುಡುಗಿಗೆ ಮೂರನೇ ಚರಣ ಮರೆತುಹೋಗುತ್ತಿತ್ತು, ನಿನ್ನೆ ಸಮುದ್ರದಾಚೆಯಿಂದ ಫೋನಿನಲ್ಲೂ ಅದೇ, ಅಜ್ಜಿ, ಇವತ್ತೂ ಮರ್ತೋಯ್ತು, ಏನಾಗಲ್ಲ ಬಿಡು ಪುಟ್ಟಿ ಎಂದಳು ತಾನು, ಶುದ್ಧ ಸುಳ್ಳು, ಅವಳ ಹಾಡಿಗೆ ಹಿಂದೆ ಕುಣಿಯುವವರಲ್ಲಿ ಡಬ್ಲಿನ್ನಿನವಳೊಬ್ಬಳಂತೆ, ಎರಡು ಜಡೆಯವಳು, ಅಲ್ವಾ ಅಂತ ಹೆಸರು, ನಾವು ಕೈ ಸುತ್ತಿಸುವ ಕಥೆ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳಂತೆ, ನಗಲಿ, ಪೇಟೆಯವಳು — ಏನೇ ಪೆಗೀನ್, ಗಾಳೀಲಿ ಬೆಣ್ಣೆ ಕಡೀತಿದ್ದೀಯಾ, ಪಕ್ಕದ ಮನೆಯ ಕೋಲಮ್, ಇವನಿಗೆ ಎಲ್ಲಿದ್ದರೂ ಕೀಟಲೆ, ನೋಡಿಕೊಂಡರೆ ತನ್ನ ಕೈ ತಾನಾಗಿಯೇ ತೊಡೆಯ ಮೇಲೆ ಸುತ್ತುತ್ತಿದೆ.

ಬಂದಳು, ಅಯ್ಯೋ ಎಷ್ಟು ಚಿಕ್ಕವಳು, ಅಷ್ಟು ದೊಡ್ಡ ಬೆಳಕಿನಲ್ಲಿ ಬಟಾಣಿ ಕಾಳಿನಷ್ಟು, ಕಣ್ಣು ಬಿಟ್ಟಿದ್ದಾಳೆ, ಹೇಳಿದ ಹಾಗೇ ಬಿಟ್ಟಿದ್ದಾಳೆ, ಮೊದಲ ಚರಣ ಸರಿ, ಎರಡನೆಯದೂ ಸರಿ, ದನಿ ಗಟ್ಟಿಯಾಗಿದೆ, ಭೇಷ್ ಮಗಳೇ, ಈಗ ಮೂರನೆಯದು, ಈಗ — ತುಟಿ ನಿಂತಿತು, ವಾದ್ಯಗಳು ಮಾತ್ರ ನಡೆದಿವೆ, ಮುಚ್ಚೇ, ಕಣ್ಣು ಮುಚ್ಚೇ, ಓಟು ಹಾಳಾಗಲಿ, ಗಟ್ಟಿಯಾಗಿ ಕೂಗಿಬಿಟ್ಟೆನೇ, ಕೋಲಮ್ ತಿರುಗಿ ನೋಡಿದ, ನೋಡಲಿ, ಮುಚ್ಚಿದಳು, ಮುಚ್ಚಿಬಿಟ್ಟಳು, ಕ್ಯಾಮೆರಾಕ್ಕೆ ಬೆನ್ನು ತಿರುಗಿಸಿ ಬಲಗೈ ಚಾಚಿದಳು, ಚಾಚಿದ ಕಡೆ ಯಾರಿದ್ದಾರೆ, ನಾನಿಲ್ಲಿ ಈ ಕುರ್ಚಿಯಲ್ಲಿ ಕೂತಿದ್ದೇನಲ್ಲ, ಸಮುದ್ರದ ಈಚೆ, ಆಗ ಸಾಲು ಬಿಟ್ಟು ಒಬ್ಬಳು ಓಡಿ ಬಂದಳು, ಕುಣಿತ ಬಿಟ್ಟು, ಎರಡು ಜಡೆಯವಳು, ಆ ಡಬ್ಲಿನ್ನಿನ ಅಲ್ವಾಳೇ, ನಕ್ಕವಳು, ಆ ಕೈ ಹಿಡಿದಳು, ಸುತ್ತಿಸಿದಳು, ಮೂರನೇ ಚರಣ ಬಂತು, ಅವ್ವನದು, ತನ್ನದು, ಒಂದಕ್ಷರ ತಪ್ಪದೆ ಬಂತು, ಯಾರೋ ಬಿಕ್ಕುತ್ತಿದ್ದಾರೆ, ಅದು ಕೋಲಮನೇ, ಓಟು ಬೀಳುತ್ತದೋ ಇಲ್ಲವೋ, ಗೆದ್ದರೆ ಗೆಲ್ಲಲಿ, ಇಡೀ ಯೂರೋಪು ನೋಡುತ್ತಿದೆಯಲ್ಲ ನಮ್ಮ ಅಡುಗೆಮನೆಯನ್ನು, ಆ ಹುಡುಗಿ ಎಡಕ್ಕೆ ಸುತ್ತಿಸುತ್ತಿದ್ದಾಳೆ, ನಾವು ಯಾವತ್ತೂ ಬಲಕ್ಕೆ, ಇರಲಿ ಬಿಡು, ಎಡಕ್ಕೇ ಇರಲಿ, ಎರಡು ಪುಟ್ಟ ಕೈ, ಒಂದು ಸುತ್ತು, ಇನ್ನೊಂದು, ಎಡಕ್ಕೆ —