ಪಾರ್ಕರ್ ಎಂಬ ಹೆಸರಿನವಳು

ಪ್ರೇಮವ್ವ ಆ ಹೆಸರನ್ನು ಮೊದಲು ಕಂಡದ್ದು ಫೋನಿನ ಪರದೆಯ ಮೇಲೆ. 2021ರ ಜನವರಿ. ಗಂಡ ಅಣ್ಣಾಸಾಹೇಬ ಕೊರೊನಾ ಹತ್ತಿ ಸ್ಯಾನ್ ಡಿಯಾಗೋದ ಆಸ್ಪತ್ರೆಯೊಂದರಲ್ಲಿ ಮಲಗಿದ್ದರು. ಮನೆಯವರನ್ನು ಒಳಗೆ ಬಿಡುತ್ತಿರಲಿಲ್ಲ. ನರ್ಸ್ ಒಬ್ಬಳು ಅವರ ಮುಖದ ಮುಂದೆ ಫೋನು ಹಿಡಿದಿದ್ದಳು. ಅಣ್ಣಾಸಾಹೇಬರ ತುಟಿ ಅಲುಗಿತು, ಮಾತು ಹೊರಡಲಿಲ್ಲ. ನರ್ಸ್ ಫೋನನ್ನು ತನ್ನತ್ತ ತಿರುಗಿಸಿಕೊಂಡಳು. ಮಾಸ್ಕು, ಅದರ ಮೇಲೆ ಪ್ಲಾಸ್ಟಿಕ್ಕಿನ ಮುಖಗವಸು. ಕಣ್ಣೆರಡು ಬಿಟ್ಟರೆ ಏನೂ ಕಾಣದು. ಎದೆಗೆ ಅಂಟಿಸಿದ ಬಿಳಿ ಪಟ್ಟಿಯ ಮೇಲೆ ಮಾತ್ರ ದಪ್ಪಕ್ಷರದಲ್ಲಿ ಪಾರ್ಕರ್ ಎಂದಿತ್ತು.

"ನಾನು ಅವರ ಹತ್ತಿರಾನೇ ಇರ್ತೀನಿ ಅಂತ ಹೇಳಾಕತ್ತಾಳ" ಎಂದು ಮಗಳು ರಕ್ಷಿತಾ ಕನ್ನಡಕ್ಕೆ ತಿರುಗಿಸಿ ಹೇಳಿದಳು.

ಅಂದು ಸಂಜೆಯೇ ಅಣ್ಣಾಸಾಹೇಬ ಹೋದರು. ಕೈಯಲ್ಲಿ ಲಿಂಗವಿಟ್ಟು, ಕೂರಿಸಿ ಮಣ್ಣು ಮಾಡಬೇಕಾದವರನ್ನು ಪೆಟ್ಟಿಗೆಯಲ್ಲಿ ಮಲಗಿಸಿ ಮಣ್ಣು ಮಾಡಿದರು. ಅದನ್ನೂ ಪ್ರೇಮವ್ವ ಸಹಿಸಿಕೊಂಡಳು. ಆಕೆಯ ಎದೆಯಲ್ಲಿ ಮುರಿದು ನಿಂತ ಮುಳ್ಳು ಬೇರೆಯೇ ಇತ್ತು. ಜೀವ ಹೋಗುವಾಗ ಯಾರಾದರೂ ಕೈ ಹಿಡಿದಿದ್ದರೋ? ಬಾಯಿಗೆ ಎರಡು ಹನಿ ನೀರು ಬಿಟ್ಟಿದ್ದರೋ? ಅದನ್ನು ಹೇಳಬಲ್ಲವಳು ಇಡೀ ಭೂಮಿಯ ಮೇಲೆ ಒಬ್ಬಳೇ.

ಮುಂದಿನ ವರ್ಷ ರಕ್ಷಿತಾ ಎರಡು ತಾಸಿನ ದಾರಿಯಾಚೆಯ ಟೊರೆನ್ಸ್‌ನಲ್ಲಿ ಕೆಲಸ ಹಿಡಿದಳು. ಸ್ಯಾನ್ ಡಿಯಾಗೋ ಪಕ್ಕದ ಪೊವೇಯ ಮನೆ ಬಿಟ್ಟು ಎಲ್ಲರೂ ಅಲ್ಲಿಗೆ ಬಂದರು. ಆದರೆ ಆ ಹೆಸರು ಬೆನ್ನು ಬಿಡಲಿಲ್ಲ. ಊಟಕ್ಕೆ ಕೂತಾಗ ರಕ್ಷಿತಾ ಸೂರ್ಯನ ಹತ್ತಿರಕ್ಕೇ ಹೋಗಿರುವ ಗಗನನೌಕೆಯ ಮಾತು ತೆಗೆದಳು. ಅದರ ಹೆಸರು ಪಾರ್ಕರ್. ನಳದ ನೀರು ಎಲ್ಲಿಂದ ಬರುತ್ತದೆ ಎಂದು ಕೇಳಿದರೆ, ಅಳಿಯ ಸಂಗಮೇಶ ಕೊಲರಾಡೋ ನದಿಯ ಒಡ್ಡೊಂದರ ಹೆಸರು ಹೇಳಿದ. ಅದೂ ಪಾರ್ಕರ್. ಅದರ ಪಕ್ಕದ ಊರೂ ಪಾರ್ಕರ್ ಅಂತೆ. ಮದುವೆಯಲ್ಲಿ ಅಣ್ಣಾಸಾಹೇಬರ ಕಿಸೆಯಲ್ಲಿ ಮಿಂಚುತ್ತಿದ್ದ ಪೆನ್ನೂ ಪಾರ್ಕರ್ ಆಗಿತ್ತೆಂದು ನೆನಪಾಗಿ ಆಕೆ ತಾಟು ಪಕ್ಕಕ್ಕೆ ಸರಿಸಿದಳು.

"ಇವರೆಲ್ಲಾ ಆಕಿ ಬಳಗದವರೇನಪಾ?"

"ಬಳಗ ಎಲ್ಲೀದು ಅತ್ತಿ? ನಮ್ಮ ಕಡೆ ಊರಿಗೊಂದಿಷ್ಟು ಪಾಟೀಲರು ಇರಂಗಿಲ್ಲೇನು? ಹಂಗ ಇಲ್ಲಿ ಪಾರ್ಕರ್."

"ಪಾಟೀಲರ ಮನಿ ಆದ್ರೂ ಕೇಳಿದ್ರ ಸಿಗತೈತಿ. ಇಕೀನ ಹುಡುಕ್ರಿ."

ಆಸ್ಪತ್ರೆಯವರು ನಮ್ಮ ನರ್ಸುಗಳ ವಿಷಯ ಹೇಳುವಂತಿಲ್ಲ ಎಂದು ಫೋನಿಟ್ಟರು. ತಾಯಿಯ ಮುಖ ನೋಡಲಾರದೆ ರಕ್ಷಿತಾ ಇಂಟರ್ನೆಟ್ಟಿನಲ್ಲಿ ಸಿಕ್ಕ ಪಾರ್ಕರ್‌ಗಳಿಗೆಲ್ಲ ಫೋನು ಮಾಡಿದಳು. ಕೆಲವರು ಬೈದರು, ಕೆಲವರು ಪಾಪ ಅಂದರು. ಸ್ಯಾನ್ ಡಿಯಾಗೋದ ಕಾರ್ಮೆಲ್ ವ್ಯಾಲಿಯ ಒಬ್ಬ ಮುದುಕ, ತನ್ನ ಹೆಂಡತಿ ನರ್ಸ್ ಆಗಿದ್ದಳು, ಬನ್ನಿ ಎಂದ. ಹೋದರೆ, ಆಕೆ ತೀರಿಕೊಂಡು ಹತ್ತು ವರ್ಷದ ಮೇಲಾಗಿತ್ತು. ಮುದುಕನಿಗೆ ಆಕೆಯ ಸುದ್ದಿ ಹೇಳಿಕೊಳ್ಳಲು ಯಾರಾದರೂ ಬೇಕಾಗಿದ್ದರು. ಪ್ರೇಮವ್ವ ತನಗೆ ತಿಳಿಯದ ಭಾಷೆಯಲ್ಲಿ ಅವನ ಹೆಂಡತಿಯ ಕತೆಯನ್ನೆಲ್ಲ ಕೇಳಿ, ಅವನು ಕೊಟ್ಟ ನಿಂಬೆಹಣ್ಣು ಸೆರಗಿನಲ್ಲಿ ಕಟ್ಟಿಕೊಂಡು ಬಂದಳು.

ಕೊನೆಗೆ ದಾರಿ ತೋರಿಸಿದವಳು ಮೆಹರೀನ್. ಮೈಸೂರಿನ ಕಡೆಯವಳು, ಪೊವೇಯಲ್ಲಿದ್ದಾಗ ಪಕ್ಕದ ಮನೆಯವಳು, ಅದೇ ಆಸ್ಪತ್ರೆಯಲ್ಲಿ ಫಾರ್ಮಸಿಸ್ಟ್.

"ಅಡ್ರೆಸ್ ಕೊಡೋಕಾಗಲ್ಲ ಆಂಟಿ. ಅವರು ಕೆಲಸ ಬಿಟ್ಟು ತುಂಬಾ ದಿನ ಆಯ್ತು. ಆದ್ರೆ ನಾನು ಕೇಳಿ ನೋಡ್ತೀನಿ. ಬನ್ನಿ ಅಂದ್ರೆ ಮಾತ್ರ ಹೋಗಿ."

ಬನ್ನಿ ಎಂದು ಉತ್ತರ ಬಂತು. ಪೊವೇಯ ಅಂಚಿನಲ್ಲಿ ಹೂವಿನ ಸಸಿ ಮಾರುವ ನರ್ಸರಿಯೊಂದರಲ್ಲಿ ಆಕೆ ಈಗ ಕೆಲಸ ಮಾಡುತ್ತಿದ್ದಳು. ನಲವತ್ತರ ಆಸುಪಾಸಿನ, ಸಣಕಲು ಹೆಂಗಸು. ಕೈಗೆ ಮೆತ್ತಿದ ಮಣ್ಣನ್ನು ಪ್ಯಾಂಟಿಗೆ ಒರೆಸಿಕೊಂಡು, ಕುಂಡಗಳ ನಡುವೆ ಎರಡು ಕುರ್ಚಿ ಹಾಕಿ, ತಾನು ನಿಂತೇ ಇದ್ದಳು. ಪ್ರೇಮವ್ವ ಗಂಡನ ಫೋಟೋ ಕೈಗಿಟ್ಟಳು. ಪಾರ್ಕರ್ ಅದನ್ನು ಬಹಳ ಹೊತ್ತು ನೋಡಿದಳು. ಕಣ್ಣಿಗೆ ಹತ್ತಿರ ಹಿಡಿದಳು, ದೂರ ಹಿಡಿದಳು. ಆಮೇಲೆ ಮೆಲ್ಲನೆ ಏನೋ ಹೇಳತೊಡಗಿದಳು. ಹೇಳುತ್ತ ಹೇಳುತ್ತ ದನಿ ಬಿದ್ದುಹೋಯಿತು.

ರಕ್ಷಿತಾ ಕುಂಡವೊಂದರ ಕಡೆ ನೋಡುತ್ತ, "ಅವ್ವಾ, ಅಪ್ಪನ ಹತ್ರಾನೇ ಇದ್ದಳಂತ. ಕೈ ಹಿಡಕೊಂಡಿದ್ದಳಂತ. ನೀರೂ ಕುಡಿಸಿದಳಂತ" ಎಂದಳು.

ಪ್ರೇಮವ್ವ ಮಗಳ ಮುಖ ನೋಡಲಿಲ್ಲ, ಪಾರ್ಕರ್‌ಳ ಮುಖ ನೋಡಿದಳು. ನೀರು ಕುಡಿಸಿದವಳ ಮುಖವಾಗಿರಲಿಲ್ಲ ಅದು.

"ಖರೇ ಹೇಳು ರಕ್ಷೀ."

"ಅವ್ವಾ..."

"ನಿಮ್ಮಪ್ಪನ ಆಣಿ ಐತಿ."

"ಆಕಿಗೆ ಅಪ್ಪನ ನೆನಪಿಲ್ಲ ಅವ್ವಾ. ಆ ಚಳಿಗಾಲದಾಗ ಅಷ್ಟು ಮಂದಿ ಹೋದ್ರಂತ. ಎಲ್ಲಾರ ಮನಿಯವರಿಗೂ ಹತ್ರ ಇರ್ತೀನಿ ಅಂತ ಹೇಳ್ತಿದ್ದಳಂತ. ಕೆಲವರ ಹತ್ರ ಇದ್ದಳು. ಕೆಲವರ ಹತ್ರ ಇರಾಕ ಆಗಲಿಲ್ಲ, ಬಾಜೂ ಖೋಲಿಗೆ ಓಡಬೇಕಾಗಿತ್ತು. ಅಪ್ಪ ಯಾರೊಳಗ ಅಂತ ಆಕಿಗೆ ಗೊತ್ತಿಲ್ಲ. ಇದ್ದೆ ಅಂತ ಸುಳ್ಳು ಹೇಳಾಕ ಮನಸ್ಸು ಬರಲಿಲ್ಲ ಅಂದಳು."

ಪ್ರೇಮವ್ವ ಥಟ್ಟನೆ ಎದ್ದಳು. ಮೈಯೆಲ್ಲ ಉರಿದಂತಾಯಿತು. ನೆನಪಿಲ್ಲವಂತೆ! ಇಷ್ಟು ವರ್ಷ ತನ್ನೊಡನೆ ಸಂಸಾರ ಮಾಡಿದ ಗಂಡ, ಊರ ತುಂಬ ಅಣ್ಣಾ ಅನ್ನಿಸಿಕೊಂಡ ಮನುಷ್ಯ, ಇವಳಿಗೆ ನೆನಪೇ ಇಲ್ಲವಂತೆ! ಫೋಟೋ ಕಸಿದುಕೊಂಡು ಕುಂಡಗಳ ಸಾಲಿನಲ್ಲಿ ಸರಸರ ನಡೆದಳು. ಗೇಟಿನ ತನಕ ಹೋಗಿ ತಿರುಗಿ ನೋಡಿದಳು.

ಪಾರ್ಕರ್ ಹಿಂದೆ ಬಂದಿರಲಿಲ್ಲ. ಕ್ಷಮಿಸಿ ಎಂದು ಕೂಗಿಯೂ ಇರಲಿಲ್ಲ. ನಿಂತಲ್ಲೇ ನಿಂತು, ಖಾಲಿ ಕುರ್ಚಿಯ ಬೆನ್ನನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದಿದ್ದಳು. ಬಿಟ್ಟರೆ ಬಿದ್ದೇ ಬಿಡುತ್ತಾಳೆ ಅನ್ನಿಸುವಂತೆ.

ಪ್ರೇಮವ್ವ ಮರಳಿ ಬಂದಳು. ಸಿಟ್ಟು ಇಳಿದಿರಲಿಲ್ಲ, ಆದರೂ ಬಂದಳು. ಆಕೆಯ ತೋಳು ಹಿಡಿದು ಕುರ್ಚಿಯಲ್ಲಿ ಕೂರಿಸಿದಳು.

"ಉಣ್ತೀಯೇನವಾ ಹೊತ್ತಿಗೆ ಸರಿಯಾಗಿ?"

ರಕ್ಷಿತಾ ಅದನ್ನು ಇಂಗ್ಲಿಷಿಗೆ ತಿರುಗಿಸಿದಳು. ಪಾರ್ಕರ್ ತಲೆ ಅಲ್ಲಾಡಿಸಿದಳು. ಹೌದೆಂದಳೋ ಇಲ್ಲವೆಂದಳೋ ತಿಳಿಯಲಿಲ್ಲ. ಆಮೇಲೆ ಗಿರಾಕಿ ಬಂದರು, ತಾಯಿ ಮಗಳು ಎದ್ದರು.

ಕಾರು ಸಮುದ್ರದ ಬದಿಯ ಹೆದ್ದಾರಿಗೆ ಬಂದಾಗ ರಕ್ಷಿತಾ, "ಸುಳ್ಳು ಹೇಳಿದ್ದು ತಪ್ಪಾತು ಅವ್ವಾ. ನಿನಗ ಸಮಾಧಾನ ಆಗ್ಲಿ ಅಂತ..." ಎಂದಳು.

"ಇರ್ಲಿ ಬಿಡು. ಅವರು ಹೆಂಗ ಹೋದ್ರು ಅಂತ ಹೇಳೂ ಮಂದಿ ಇನ್ನ ಯಾರೂ ಉಳೀಲಿಲ್ಲ. ಮುಗೀತದು."

ಮುಗೀತು ಎಂದ ಮಾತು ಆಕೆಯ ಕಿವಿಗೇ ಬಡಿಯಿತು. ಓಷನ್‌ಸೈಡ್ ಊರು ದಾಟುತ್ತಿದ್ದಂತೆ ಪ್ರೇಮವ್ವನ ಹೊಟ್ಟೆಯೊಳಗಿಂದ ಒಂದು ದನಿ ಎದ್ದಿತು. "ಏನಂತ ಹೋದಿರಿ ನನ್ನ ದೊರೀ, ಯಾರಿಗೆ ಹೇಳಿ ಹೋದಿರಿ..." ತವರಿನಲ್ಲಿ ಸಾವಾದಾಗ ಹೆಂಗಸರು ಹಾಡಿಕೊಂಡು ಅಳುವಂತೆ, ಗಂಡನ ನಡೆ ನುಡಿ, ಉಡುಪು, ಸಿಟ್ಟು ಒಂದೊಂದನ್ನೇ ಕರೆದು ಕರೆದು ಅಳತೊಡಗಿದಳು. ಅಣ್ಣಾಸಾಹೇಬ ಹೋದಾಗಿನಿಂದ ಆಕೆ ಹೀಗೆ ಬಾಯಿಬಿಟ್ಟು ಅತ್ತಿದ್ದೇ ಇಲ್ಲ.

ರಕ್ಷಿತಾಳಿಗೆ ಕಣ್ಣು ಮಂಜಾಗಿ ದಾರಿ ಕಾಣದಾಯಿತು. ಹೆದ್ದಾರಿ ಬದಿಯ ರೆಸ್ಟ್ ಏರಿಯಾಕ್ಕೆ ಕಾರು ತಿರುಗಿಸಿ ನಿಲ್ಲಿಸಿದಳು. ಹಾಗೆ ಹಾಡಿಕೊಂಡು ಅಳಲು ಅವಳಿಗೆ ಬರುತ್ತಿರಲಿಲ್ಲ. ತಾಯಿಯ ಹೆಗಲಿಗೆ ತಲೆಯಿಟ್ಟು, ಬಂದಷ್ಟು ದನಿಯಲ್ಲಿ, "ಅಪ್ಪಾ, ಅಪ್ಪಾ" ಎಂದಷ್ಟೇ ಅತ್ತಳು.