ಬರಹ ರಾಜಬಿಯದು, ಚಿತ್ರ ನನ್ನದು

ಹೆಬ್ಬೆರಳಿಗೆ ಏನೋ ಅಂಟಿದೆ, ತಣ್ಣಗೆ, ಉಗುರಿಗಿಂತ ತುಸು ದೊಡ್ಡದು, ಕೊಡವಿದರೂ ಬೀಳುತ್ತಿಲ್ಲ — ಅಯ್ಯ, ಅಂಚೆಯ ಚೀಟಿ, ಕಾರ್ಡು ಬಿಟ್ಟು ನನ್ನ ಬೆರಳಿಗೆ ಬಂದು ಕೂತಿದೆ, ಈ ಮುದುಕಿ ಮಡಿಯಲ್ಲಿದ್ದಾಳೆ ಅಂತ ಇದಕ್ಕೇನು ಗೊತ್ತು, ನಾಲಿಗೆಗೆ ಒತ್ತಿಯೇ ಹಚ್ಚಿರುತ್ತಾನೆ ಆ ಜೈನುದ್ದೀನ, ಅವನ ಎಂಜಲು, ಲಂಕೆಯ ಎಂಜಲು, ಭಾಗೀರಥೀಬಾಯಿಯ ಹೆಬ್ಬೆರಳಿಗೆ — ಇರಲಿ, ಎಂಜಲಿನ ವಿಚಾರ ಆಮೇಲೆ, ಈ ನೀಲಿ ನೀರಿನ ಗತಿ ಏನು, ಕಟ್ಟೆಯ ಕಲ್ಲಿನ ಮೇಲೆ ಸಣ್ಣಗೆ ಹರಿಯುತ್ತಿದೆಯಲ್ಲ, ಅದು ನೀರಲ್ಲ, ಪತ್ರ, ರಾಜಬಿಯ ಮಗ, ಅದೇ ಜೈನುದ್ದೀನ, ಎಂಟು ತಿಂಗಳ ಮೇಲೆ ತಾಯಿಗೆ ಬರೆದ ಪತ್ರ, ಹರಿಯುತ್ತ ಹರಿಯುತ್ತ ಸಿಂದಗಿಯ ಗಟಾರ ಸೇರಲು ಹೊರಟಿದೆ, ತೊಳೆದವಳು ನಾನು. ಕಾರ್ಡು ತಿರುಗಿಸಿದರೆ ಚಿತ್ರ ಮಾತ್ರ ಹೊಸ ಮದುಮಗಳ ಹಾಗೆ ಕೂತಿದೆ, ಮೈತುಂಬ ಜರಿ ಹೊದ್ದು ದೀಪ ಕಟ್ಟಿಸಿಕೊಂಡ ಕ್ಯಾಂಡಿಯ ಆನೆ, ಸೊಂಡಿಲಿಗೂ ಸೀರೆ, ಒಂದು ಹನಿ ಬಣ್ಣ ಹೋಗಿಲ್ಲ. ನನ್ನ ಪಾಲು ಭದ್ರ. ಹೋಗಿದ್ದು ಅವಳ ಪಾಲು.

ಪಾಲಾಗಿ ನಾಲ್ಕು ವರ್ಷ, ಕಾಗದವಿಲ್ಲ ಸಾಕ್ಷಿಯಿಲ್ಲ, ಇದೇ ಕಟ್ಟೆ, ಅವಳು ಕೆಳಗೆ ಬೀದಿಯಲ್ಲಿ ನಾನು ಮೇಲೆ ಹೊಸ್ತಿಲಲ್ಲಿ, ಬಾಯಾರ, ನಾ ನಮಾಜ ಮಾಡೂದು ಒಂದ ಖೋಲಿ, ಅದರಾಗ ಮಂದಿ ಮಾರಿ ಇದ್ದ ಚಿತ್ರ ಇಡಾಕ ಬರೂದಿಲ್ರಿ, ಬರದದ್ದು ನಂದು, ಚಿತ್ರ ನಿಮ್ದು, ಹೆಂಗ? ಹೆಂಗ ಅಂದರೆ ಹಂಗ, ನನಗೆ ಚಿತ್ರ ಅಂದರೆ ಜೀವ, ಹದಿನಾರು ವರ್ಷಕ್ಕೆ ಬಾಗೇವಾಡಿಯಿಂದ ಈ ಮನೆಗೆ ಬಂದವಳು ಈ ಕಡೆ ಇಂಡಿ ಆ ಕಡೆ ಮುದ್ದೇಬಿಹಾಳ ಬಿಟ್ಟು ಜಗತ್ತು ಕಂಡಿದ್ದರೆ ತಾನೆ. ಅವಳಿಗೆ ಓದಲು ಬಾರದು, ಅದಕ್ಕೇ ಕಾರ್ಡು ನಮ್ಮ ವಿಳಾಸಕ್ಕೆ, ಬಂದಾಗ ನನ್ನ ಮಗ ಪಾಂಡುರಂಗ, ಶಾಲೆಯ ಮಾಸ್ತರ, ಕಟ್ಟೆಯ ಮೇಲೆ ನಿಂತು ಎರಡು ಸಲ ಓದುತ್ತಾನೆ, ರಾಜಬಿ ಮೂರನೆಯ ಸಲ ಓದಿಸುತ್ತಾಳೆ, ಆಮೇಲೆ ನಾನು ಪಂಚಪಾತ್ರೆಯಿಂದ ನೀರು ಹಾಕಿ, ಶುದ್ಧ ಮಾಡಿ, ಒಣಗಿಸಿ ಬಿಸ್ಕೀಟಿನ ಡಬ್ಬಿಗೆ ಇಡುತ್ತೇನೆ. ಮೂವತ್ತೊಂದು ಕಾರ್ಡು ಹೀಗೆ ನನ್ನ ನೀರು ಕುಡಿದವು, ಓದಿಯಾದ ಮೇಲೆ ಅಕ್ಷರ ಇದ್ದರೇನು ಹೋದರೇನು. ಹಲ್ಲಿನ ಗುಡಿ ಇದೆ ಡಬ್ಬಿಯಲ್ಲಿ, ಬುದ್ಧನ ಒಂದೇ ಹಲ್ಲಿಗೆ ಅಷ್ಟು ದೊಡ್ಡ ಗುಡಿ, ನನ್ನ ಬಾಯಲ್ಲಿ ಇನ್ನೂ ನಾಲ್ಕಿವೆ, ಯಾರೂ ಒಂದು ಗೂಡೂ ಕಟ್ಟಲಿಲ್ಲ. ಸಿಗಿರಿಯಾ ಬಂಡೆಯ ಬಣ್ಣದ ಹೆಂಗಸರು, ಕುಪ್ಪಸವಿಲ್ಲದವರು, ಆ ಕಾರ್ಡು ಪಾಂಡುರಂಗನ ಕಿಸೆಯಿಂದ ನನ್ನ ಡಬ್ಬಿಗೆ ಬರಲು ಎರಡು ದಿನ ಹಿಡಿಯಿತು, ನಾನು ಒಂದು ಉದ್ಧರಣೆ ನೀರು ಹೆಚ್ಚು ಹಾಕಿ ಸುಮ್ಮನಾದೆ. ಸಮುದ್ರದಲ್ಲಿ ಗೂಟ ನೆಟ್ಟು ಅದರ ಮೇಲೆ ಕೂತ ಬೆಸ್ತರು, ಥೇಟ್ ನಮ್ಮ ಊರಿನ ಮೆಂಬರರು, ಇವರಿಗೆ ಮೀನು ಮಾತ್ರ ಸಿಗುವುದಿಲ್ಲ, ಗೂಟ ಬಿಡುವುದಿಲ್ಲ. ಆಮೇಲೆ ಆ ಬೆಟ್ಟ, ನೆತ್ತಿಯಲ್ಲೊಂದು ಪಾದ, ಜೈನುದ್ದೀನ ಬರೆದ, ಅದು ಬಾಬಾ ಆದಮರದು ಅಂತ ನಮ್ಮವರು, ಬುದ್ಧನದು ಅಂತ ಅಲ್ಲಿಯವರು, ಶಿವನದು ಅಂತ ಇನ್ನೊಬ್ಬರು ಅಂತಾರ — ನಮ್ಮ ವಿಷ್ಣುವಿನದು ಅಂತ ಒಬ್ಬನಾದರೂ ಅನ್ನಬಾರದೇ, ಎರಡು ದಿನ ಆ ಬೆಟ್ಟದ ಮೇಲೆ ಮುನಿಸಿಕೊಂಡಿದ್ದೆ.

ಆ ಹುಡುಗ ಅಲ್ಲಿಗೆ ಹೋಗಿದ್ದೇ ಒಂದು ನಗೆಪಾಟಲು. ಕಲಿತದ್ದು ಛತ್ರಿ ರಿಪೇರಿ, ಹುಟ್ಟಿದ್ದು ಸಿಂದಗಿಯಲ್ಲಿ, ಇಲ್ಲಿ ಮಳೆಯೇ ರಜೆಯ ಮೇಲೆ ಇರುತ್ತದೆ, ಛತ್ರಿ ಯಾರಿಗೆ ಬೇಕು, ಸೋದರಮಾವ ಇಬ್ರಾಹಿಂಸಾಬ ಕೊಲಂಬೊಕ್ಕೆ ಕರೆಸಿಕೊಂಡ, ಅಲ್ಲಿ ದಿನಕ್ಕೆರಡು ಮಳೆ, ಬಾಲ ಇದ್ದವನು ಹಾರಿ ಹೋಗಿ ಸುಟ್ಟು ಬಂದ ಊರಿನಲ್ಲಿ ಬಾಲವಿಲ್ಲದ ಇವನು ಕೂತು ಛತ್ರಿ ಹೊಲಿದ. ರಾಕ್ಷಸರು ಹೆಂಗಿದ್ದಾರೋ ಅಂತ ಬರೆಸಿದರೆ, ಆಯಿ, ನಮ್ಮಂಗ ಇದ್ದಾರ್ರಿ, ಅನ್ನಕ್ಕ ತೆಂಗಿನಕಾಯಿ ಜಾಸ್ತಿ ಹಾಕ್ತಾರ, ಅಷ್ಟ. ಹೋದ ಬೇಸಿಗೆಯಲ್ಲಿ ಪಾಂಡುರಂಗ ಪೇಪರು ಓದುತ್ತಿದ್ದವನು ನನ್ನನ್ನು ಕಂಡು ಮಡಚಿದ, ಲಂಕೆಯಲ್ಲಿ ಗಲಾಟೆ, ಬೆಂಕಿ, ಅಂಗಡಿಗಳಿಗೂ. ಆಮೇಲೆ ಕಾರ್ಡಿಲ್ಲ. ಒಂದು ತಿಂಗಳು, ಎರಡು, ರಾಜಬಿ ದಿನಾ ಬಂದು ಕೇಳುತ್ತಿದ್ದಳು, ಬಂತೇನ್ರಿ? ಇಲ್ಲವಾ. ಆರನೆಯ ತಿಂಗಳಿಂದ ಕೇಳುವುದನ್ನೇ ಬಿಟ್ಟಳು, ಬೀದಿಯಲ್ಲಿ ಹೋಗುವಾಗ ಕಟ್ಟೆಯ ಕಡೆ ನೋಡುತ್ತಾಳೆ, ನಾನು ತಲೆ ಅಲ್ಲಾಡಿಸುತ್ತೇನೆ, ಹೋಗುತ್ತಾಳೆ.

ಇವತ್ತೇ ಬರಬೇಕೇ, ಪಾಂಡುರಂಗ ಪರೀಕ್ಷೆಯ ಕೆಲಸಕ್ಕೆ ಮುದ್ದೇಬಿಹಾಳಕ್ಕೆ ಹೋದ ದಿನ, ನಾನು ಮಿಂದು ಒದ್ದೆ ಸೀರೆಯಲ್ಲಿ ತುಳಸಿಗೆ ನೀರು ಹಾಕುವ ಹೊತ್ತು. ಪೋಸ್ಟಮನ್ ಬಸಂತರಾಯ ದೂರದಿಂದಲೇ ಕೂಗಿದ, ಆಯಿ, ಆನಿ ಬಂದದ್ರಿ ಲಂಕಾದಿಂದ, ಕಟ್ಟಿ ಮ್ಯಾಲ ಇಟ್ಟೀನಿ, ನೀವು ಮಡಿಯೊಳಗ ಇದ್ದೀರಿ, ರಾಜಬಿಗಿ ಹೇಳ್ಕೋತ ಹೋಗ್ತೀನಿ. ಓದಲು ನನಗೂ ಬರುತ್ತದೆ, ಕೂಡಿಸಿ ಕೂಡಿಸಿ. ಆದರೆ ಮುಟ್ಟದೆ ಓದುವುದು ಹೇಗೆ, ಶುದ್ಧ ಮಾಡದೆ ಮುಟ್ಟುವುದು ಹೇಗೆ, ಬಾಗೇವಾಡಿಯ ಪತ್ರಕ್ಕಾದರೆ ಒಂದು ಉದ್ಧರಣೆ ಸಾಕು, ಇದು ಸಮುದ್ರ ದಾಟಿದ್ದು, ಎಂಟು ತಿಂಗಳ ಸೂತಕ ಬೇರೆ — ಛೀ, ಸೂತಕ ಅನ್ನಬಾರದು, ಬಿಡ್ತು ಅನ್ನಬೇಕು, ಬಿಡ್ತು — ಇಡೀ ಪಂಚಪಾತ್ರೆ ಸುರಿದೆ, ಕೈ ತಾನಾಗಿಯೇ ಸುರಿಯಿತು, ಮೂವತ್ತೊಂದು ಸಲದ ರೂಢಿ, ಇನ್ನೂ ಓದಿಲ್ಲ ಅನ್ನುವುದು ನೆನಪಾದದ್ದು ನೀರು ನೀಲಿಯಾದ ಮೇಲೆ. ಎತ್ತಿಕೊಂಡು ಬೆರಳಿನಿಂದ ಒತ್ತಿ ಹಿಡಿದೆ, ಅಕ್ಷರ ಓಡಿದವು, ಚೀಟಿ ಬೆರಳಿಗೆ ಬಂತು. ಉಳಿದದ್ದು ಒಂದು ಕೊಂಬು, ಎರಡು ಸೊನ್ನೆ.

ಬಂದಳು. ಅವಳೇ, ಸೆರಗೂ ಸರಿ ಹೊದ್ದಿಲ್ಲ. ಸುಳ್ಳು ಹೇಳಿಬಿಡಲೇ, ಆರಾಮ ಇದ್ದಾನಂತ ಅಂತ, ಎಲ್ಲ ಪತ್ರಗಳೂ ಹಾಗೇ ಶುರುವಾಗುತ್ತವೆ, ನಾಳೆ ಪಾಂಡುರಂಗ ಬಂದು ಕಾರ್ಡು ನೋಡಿದರೆ — ಮತ್ತೆ ಈ ನೀರಿನಲ್ಲಿ ಹೋದದ್ದು ಆರಾಮಲ್ಲದೆ ಬೇರೇನಾದರೂ ಆಗಿದ್ದರೆ. ಬಾಯಾರ, ಏನ ಬರದಾನ್ರಿ? ರಾಜಬಿ, ಕೂಡು. ನಿಂತೇನಲ್ರಿ, ಓದ್ರಿ. ಓದ್ಲಿಕ್ಕೆ ಏನೂ ಉಳದಿಲ್ಲ, ನಾ ನೀರು ಹಾಕ್ದೆ, ಎಲ್ಲಾ ತೊಳದು ಹೋತು. ಕಾರ್ಡನ್ನು ಕಟ್ಟೆಯ ಅಂಚಿಗೆ ಇಡುತ್ತೇನೆ, ಅವಳು ಎತ್ತಿಕೊಳ್ಳುತ್ತಾಳೆ, ತಿರುಗಿಸುತ್ತಾಳೆ, ನೀಲಿ ಕೆಸರು, ಇನ್ನೊಮ್ಮೆ ತಿರುಗಿಸುತ್ತಾಳೆ, ಆನೆ. ನಿಮ್ಮ ಪಾಲ ಬರಾಬರಿ ಐತಿ ನೋಡ್ರಿ, ಅನ್ನುತ್ತಾಳೆ, ಅಷ್ಟೇ, ಬೈದಿದ್ದರೆ ಚೆನ್ನಾಗಿತ್ತು. ನನ್ನ ಮಗನ ಹೊಲಸ ಅಷ್ಟಿತ್ತೇನ್ರಿ ಬಾಯಾರ, ತುಂಬಿದ ಚರಗಿ ನೀರ ಬೇಕಾತೇನು? ಚರಿಗೆಯಲ್ಲ, ಪಂಚಪಾತ್ರೆ, ಅಂತ ತಿದ್ದಲು ಹೋದ ನಾಲಿಗೆಯನ್ನು ಕಚ್ಚಿಕೊಂಡೆ. ಕೆಟ್ಟ ಕೆಲಸ ಮಾಡ್ದೆ ರಾಜಬಿ. ನಾನು ಏನು ಮಾಡಬೇಕು ತಿಳಿಯದೆ ಬೆರಳಿನ ಚೀಟಿ ಕೀಳುತ್ತ ನಿಂತಿದ್ದೇನೆ, ಬೆರಳಿಗೇನ್ರಿ, ಸುಟ್ಟಗೊಂಡೀರೇನು? ಅಲ್ಲವಾ, ನಿನ್ನ ಮಗನ ಎಂಜಲದ್ದು, ಚೀಟಿ, ಅಂಟಿದ್ದು ಬಿಡವಲ್ತು. ಅವ ಸಣ್ಣಾಂವಿದ್ದಾಗಿಂದ ಹಂಗ್ರಿ, ಅಂಟಿದ್ರ ಬಿಡಾಂವಲ್ಲ, ಅನ್ನುತ್ತಾಳೆ, ನಗಲು ಹೋಗಿ ಮುಖ ಅಳುವಿಗೆ ತಿರುಗುತ್ತದೆ.

ಕೀಳಲು ಬೆರಳನ್ನು ಕಣ್ಣಿನ ಹತ್ತಿರ ಹಿಡಿದೆ — ನಕಾಶೆ. ಮೇಲೆ ಅಗಲ, ಕೆಳಗೆ ಚೂಪು. ಇದನ್ನು ಎಲ್ಲಿ ನೋಡಿದ್ದೇನೆ, ಬಾಗೇವಾಡಿಯಿಂದ ತಮ್ಮ ಬರೆಯುವ ಪತ್ರದ ಮೇಲೆ, ಪಾಂಡುರಂಗನ ಶಾಲೆಯ ಲಕೋಟೆಯ ಮೇಲೆ, ಲಂಕೆಯ ಚೀಟಿ ಹೀಗಿರುವುದಿಲ್ಲ, ಅಲ್ಲಿ ತೆಂಗಿನಗಿಡ, ಚಹಾ ಕೀಳುವವಳು. ಮಡಿ ಗಿಡಿ ಬಿಟ್ಟು ಒಳಗೆ ಓಡಿದೆ, ಡಬ್ಬಿ ತಂದು ಕಟ್ಟೆಯ ಮೇಲೆ ಸುರಿದೆ, ನೋಡು ರಾಜಬಿ, ಹಿಂದ ನೋಡು, ಚಿತ್ರ ಬ್ಯಾಡ, ಮೂವತ್ತೊಂದು ಬೆನ್ನು, ಒಂದರಲ್ಲೂ ಈ ನಕಾಶೆ ಇಲ್ಲ. ಒಮ್ಮೆ ನಾನೇ ಲಂಕೆಯ ಚೀಟಿ ಬಿಡಿಸಿ ಉತ್ತರದ ಮೇಲೆ ಹಚ್ಚಿ ಕಳಿಸಲು ಹೋಗಿ, ಬಸಂತರಾಯ ಹೊಟ್ಟೆ ಹಿಡಿದು ನಕ್ಕಿದ್ದ, ಆಯಿ, ಯಾವ ನೆಲದ ಮ್ಯಾಲ ನಿಂತು ಹಾಕ್ತೀರಿ ಆ ನೆಲದ ಚೀಟಿನ ನಡೀತದ್ರಿ. ಯಾವ ನೆಲದ ಮೇಲೆ ನಿಂತು. ರಾಜಬಿ, ಇದು ನಮ್ಮ ಚೀಟಿ, ಅಂವ ಈಚಿ ದಂಡಿಗೆ ಬಂದು ಹಾಕ್ಯಾನ, ಕಾರ್ಡ ಲಂಕಾದ್ದು, ಅಂವ ಅಲ್ಲಿಲ್ಲ, ದಾಟ್ಯಾನ, ಜೀವಂತ ದಾಟ್ಯಾನ, ಬರ್ಲಿಕ್ಕತ್ತಾನ. ಖರೇನೇನ್ರಿ? ಅಂತ ಒಂದು ಮೆಟ್ಟಿಲು ಏರಿದಳು, ಎಲ್ಲಿ, ತೋರಸ್ರಿ, ಇನ್ನೊಂದು ಮೆಟ್ಟಿಲು, ಮೂವತ್ತು ವರ್ಷ ಅವಳು ಏರದ ಮೆಟ್ಟಿಲು, ನಾನು ಏರು ಅನ್ನದ ಮೆಟ್ಟಿಲು, ನನ್ನ ಬೆರಳು ಹಿಡಿದಳು, ಎರಡೂ ಕೈಯಿಂದ, ನಾನು ಏನೋ ಅನ್ನಬೇಕಿತ್ತು, ಒದ್ದೆ ಸೀರೆಯವರು ಅನ್ನುವ ಮಾತು, ಬಾಯಿಗೆ ಬರುತ್ತಿಲ್ಲ, ಬೆರಳಿಗೆ ಅವಳ ಉಸಿರು ತಗಲುತ್ತಿದೆ, ಉಗುರಿಗಿಂತ ತುಸು ದೊಡ್ಡ ನಕಾಶೆ, ಅದರ ಬೆನ್ನಿಗೆ ಅವನ ನಾಲಿಗೆಯ ಹಸಿ, ಇನ್ನೂ ಆರಿಲ್ಲ, ಅಂಟಿದೆ, ಬಿಡುತ್ತಿಲ್ಲ, ಹೆಬ್ಬೆರಳ ಮೇಲೆ, ಇನ್ನೂ —